ಬೀಗ ಯೂರೋಪಿನದು, ಬೀಗದ ಕೈ ಅಮೆರಿಕಾದ್ದು

ಡೆನ್ಮಾರ್ಕ್ ದೇಶದಲ್ಲಿ ಈಸ್ಟರ್ ಹಬ್ಬ ಕಳೆದ ನಾಲ್ಕನೆಯ ಶುಕ್ರವಾರ ಒಂದು ರಜೆ ಇತ್ತು. ಮಹಾಪ್ರಾರ್ಥನೆಯ ದಿನವೆಂದು ಅದರ ಹೆಸರು. 1686ರಿಂದ ನಡೆದುಬಂದದ್ದು. 2023ರಲ್ಲಿ ಅಲ್ಲಿಯ ಸರ್ಕಾರ ಕಾನೂನು ಮಾಡಿ, ಮರುವರ್ಷದಿಂದ ಆ ರಜೆಯನ್ನು ಕಿತ್ತುಹಾಕಿತು. ಕಾರಣವೇನೆಂದರೆ, ಸೈನ್ಯದ ವೆಚ್ಚವನ್ನು ರಾಷ್ಟ್ರದ ಒಟ್ಟು ಉತ್ಪನ್ನದ ಶೇಕಡ 2ರ ಮಟ್ಟಕ್ಕೆ ಮೊದಲು ಎಣಿಸಿದ್ದಕ್ಕಿಂತ ಬೇಗ ಏರಿಸಬೇಕಾಗಿತ್ತು. ಜನ ವರ್ಷಕ್ಕೆ ಇನ್ನೊಂದು ದಿನ ದುಡಿದರೆ ಖಜಾನೆಗೆ ಇನ್ನಷ್ಟು ತೆರಿಗೆ ಬರುತ್ತದೆ. ಹೀಗೆ ಲೆಕ್ಕ ಹಾಕಿದ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸೆನ್ ಅವರು ಬಂಡವಾಳಗಾರರ ಪಕ್ಷದವರಲ್ಲ, ಸೋಷಿಯಲ್ ಡೆಮೊಕ್ರಾಟರು ಎಂಬುದನ್ನು ನಾವು ನೋವಿನಿಂದಲೇ ಬರೆಯಬೇಕಾಗಿದೆ. ಕಾರ್ಮಿಕ ಸಂಘಗಳು ಸುಮ್ಮನಿರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಕೋಪನ್‌ಹೇಗನ್ನಿನ ಪಾರ್ಲಿಮೆಂಟಿನ ಮುಂದೆ ಹತ್ತಾರು ಸಾವಿರ ಜನ ನೆರೆದರು. ಕೂಗು ಒಳಗೆ ಕೇಳಿಸಲಿಲ್ಲ. ತಿಂಗಳ ಸಂಬಳದವರಿಗೆ ವರ್ಷದ ವೇತನದ ಶೇಕಡ 0.45ರಷ್ಟು ಸೇರಿಸಿಕೊಟ್ಟು ಲೆಕ್ಕ ಚುಕ್ತ ಮಾಡಿದರು. 2026ರ ಕ್ಯಾಲೆಂಡರಿನಲ್ಲಿ ಆ ಶುಕ್ರವಾರ ಬೀಳುವುದು ಮೇ 1ರಂದೇ.

ಇಷ್ಟಾಗಿಯೂ ಡೆನ್ಮಾರ್ಕಿನ ದುಡಿಮೆಗಾರ ಹಲ್ಲು ಕಚ್ಚಿಕೊಂಡು ಒಪ್ಪಿದ. 2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯ ಯುಕ್ರೇನಿಗೆ ನುಗ್ಗಿತ್ತು, ಭಯ ಸುಳ್ಳಾಗಿರಲಿಲ್ಲ. ಆದರೆ 2026ರ ಜನವರಿಯಲ್ಲಿ ಡೆನ್ಮಾರ್ಕಿನ ನೆಲವನ್ನು ಕೊಡಿರೆಂದು ಕೈಚಾಚಿದವರು ಯಾರು? ರಷ್ಯಾದವರಲ್ಲ. ಅಮೆರಿಕಾದ ಅಧ್ಯಕ್ಷ ಟ್ರಂಪ್ ಅವರು ಡೆನ್ಮಾರ್ಕಿನ ಆಳ್ವಿಕೆಗೆ ಸೇರಿದ ಗ್ರೀನ್‌ಲ್ಯಾಂಡ್ ದ್ವೀಪ ತಮಗೆ ಬೇಕೆಂದರು. ಡೆನ್ಮಾರ್ಕಿನ ಬೆನ್ನಿಗೆ ನಿಂತ ದೇಶಗಳೂ ಸೇರಿ ಎಂಟು ಯೂರೋಪಿಯನ್ ದೇಶಗಳ ಮಾಲಿನ ಮೇಲೆ ಫೆಬ್ರವರಿ 1ರಿಂದ ಶೇಕಡ 10, ಜೂನ್ 1ರಿಂದ ಶೇಕಡ 25 ಸುಂಕ ಹೇರುವುದಾಗಿ ಜನವರಿ 17ರಂದು ಸಾರಿದರು. ನಾಲ್ಕು ದಿನ ಕಳೆದ ಮೇಲೆ ದಾವೋಸಿನಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಹಿಂದಕ್ಕೆ ತೆಗೆದುಕೊಂಡ ಮಾತು ಆಡದ ಮಾತಾಗುವುದಿಲ್ಲ. ಅಮೆರಿಕಾ ಕರೆದಾಗ ಆಫ್ಘಾನಿಸ್ಥಾನಕ್ಕೆ ಹೋಗಿ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡ ಪುಟ್ಟ ದೇಶ ಅದು. ಅಲ್ಲಿಯ ವಾಯುಪಡೆಯ ಹೊಸ ವಿಮಾನಗಳೆಲ್ಲ ಅಮೆರಿಕಾದಿಂದಲೇ ಕೊಂಡ ಎಫ್-35ಗಳು. ರಜೆ ಬಿಟ್ಟುಕೊಟ್ಟು ಯಾರ ಕೋವಿಯನ್ನು ಕೊಂಡರೋ ಅವನೇ ಹಿತ್ತಿಲನ್ನು ಕೇಳಲು ಬಂದ ಹಾಗಾಯಿತು. ನೆಚ್ಚಿದ ಎಮ್ಮೆ ಕೋಣನನ್ನು ಈಯಿತು ಎಂದು ನಮ್ಮಲ್ಲಿ ಹೇಳುವುದು ಇಂಥದಕ್ಕೇ.

ಬಿಳಿಯ ಶ್ರೀಮಂತ ದೇಶಗಳು ತಮ್ಮತಮ್ಮಲ್ಲಿ ಜಗಳವಾಡಿಕೊಂಡರೆ ನಮ್ಮ ಗಿರಣಿಯವನಿಗೇನು, ಸಂತೆಯ ಅಂಗಡಿಯವನಿಗೇನು ಎಂದು ಕೆಲವು ಗೆಳೆಯರು ಕೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಈ ದೇಶಗಳೇ ಎರಡು ಶತಮಾನ ನಮ್ಮ ಬೆನ್ನ ಮೇಲೆ ಕೂತಿದ್ದವು. ಆದರೂ ಹೇಳಬೇಕಾದ್ದಿದೆ. ಬಲವಾದ ಒಬ್ಬನ ಹಂಗಿಗೆ ಬಿದ್ದವರ ಪಾಡು ಹೇಗಾಗುತ್ತದೆ, ಆ ಹಂಗಿನಿಂದ ಬಿಡಿಸಿಕೊಳ್ಳಲು ಹೊರಟಾಗ ಖರ್ಚಿನ ಚೀಟಿಯನ್ನು ಯಾರ ಕೈಗೆ ಕೊಡುತ್ತಾರೆ, ಈ ಎರಡು ಪ್ರಶ್ನೆಗಳು ಯೂರೋಪಿನಲ್ಲಿ ಈಗ ಬೆಳಕಿಗೆ ಬಂದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಬಂದಿಲ್ಲ. 2025ರ ಆಗಸ್ಟಿನಲ್ಲಿ ನಮ್ಮ ದೇಶದ ಮಾಲಿನ ಮೇಲೆ ಅದೇ ಅಧ್ಯಕ್ಷರು ಒಟ್ಟು ಶೇಕಡ 50 ಸುಂಕ ಹಾಕಿದಾಗ ಬಟ್ಟೆಯ ಕಾರ್ಖಾನೆಗಳಲ್ಲಿ ಏನಾಯಿತೆಂಬುದನ್ನು ಗಿರಣಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳೋಣ. ಇದೆಲ್ಲ ಒಬ್ಬ ಟ್ರಂಪ್ ಅವರ ಹುಚ್ಚುತನ, ಅವರು ಹೋದರೆ ಹಳೆಯ ಸ್ನೇಹ ಮರಳಿ ಬರುತ್ತದೆ ಎಂದು ಯೂರೋಪಿನ ಮಂತ್ರಿಗಳು ತಮ್ಮನ್ನು ತಾವು ಸಮಾಧಾನಪಡಿಸಿಕೊಳ್ಳುತ್ತಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನ ಊರುಗಳು ಬೂದಿಯಾಗಿದ್ದವು. 1948ರಿಂದ ನಾಲ್ಕು ವರ್ಷ ಮಾರ್ಷಲ್ ಯೋಜನೆಯ ಮೂಲಕ ಅಮೆರಿಕಾ ಸುಮಾರು 1,300 ಕೋಟಿ ಡಾಲರ್ ಕೊಟ್ಟಿತು. ಹೆಚ್ಚು ಪಾಲು ಸಾಲವಾಗಿ ಅಲ್ಲ, ದಾನವಾಗಿಯೇ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ ಹನ್ನೆರಡು ದೇಶಗಳು ನ್ಯಾಟೋ ಕರಾರಿಗೆ ಸಹಿ ಹಾಕಿದವು. ಒಬ್ಬನ ಮೇಲೆ ಬಿದ್ದ ಏಟು ಎಲ್ಲರ ಮೇಲೆ ಬಿದ್ದ ಏಟು ಎಂಬುದು ಅದರ ಐದನೆಯ ಕಲಮು. ಆ ಕಲಮನ್ನು ಇದುವರೆಗೆ ಒಂದೇ ಸಲ ಬಳಸಲಾಗಿದೆ, 2001ರಲ್ಲಿ, ಅಮೆರಿಕಾಕ್ಕಾಗಿ. ಆಗಿನ ಯೂರೋಪಿಗೆ ಈ ಆಸರೆ ಬೇಕಾಗಿತ್ತು, ಅದರಿಂದ ಉಪಕಾರವೂ ಆಯಿತು. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆದರೆ ಕಾಲು ಮುರಿದಾಗ ಹಿಡಿದ ಊರುಗೋಲನ್ನು ಕಾಲು ಕೂಡಿದ ಮೇಲೂ ಬಿಡಲಿಲ್ಲ. ಯೂರೋಪಿನವರದೇ ಒಂದು ಸೈನ್ಯ ಕಟ್ಟುವ ಒಪ್ಪಂದ 1952ರಲ್ಲಿ ಆಗಿತ್ತು. 1954ರ ಆಗಸ್ಟ್ 30ರಂದು ಫ್ರಾನ್ಸಿನ ಪಾರ್ಲಿಮೆಂಟೇ ಅದನ್ನು ತಳ್ಳಿಹಾಕಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಪಾಠ ಬಂತು. 1956ರ ಜುಲೈ 26ರಂದು ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಇಂಗ್ಲೆಂಡು, ಫ್ರಾನ್ಸು ಇಸ್ರೇಲಿನೊಡನೆ ಕೂಡಿಕೊಂಡು ಈಜಿಪ್ಟಿನ ಮೇಲೆ ಬಿದ್ದವು. ಅಮೆರಿಕಾ ಒಂದು ಗುಂಡು ಹಾರಿಸಲಿಲ್ಲ. ಪೌಂಡಿನ ಬೆಲೆ ಕುಸಿಯುತ್ತಿದ್ದಾಗ, ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಇಂಗ್ಲೆಂಡಿಗೆ ದುಡ್ಡು ಸಿಗದಂತೆ ಅಡ್ಡ ನಿಂತಿತು, ಅಷ್ಟೆ. ಡಿಸೆಂಬರ್ ಮುಗಿಯುವ ಮುಂಚೆ ಎರಡೂ ಸೈನ್ಯಗಳು ಗಂಟುಮೂಟೆ ಕಟ್ಟಿದವು. ಅಂದು ಆ ಚಾವಟಿ ಬೀಳಬೇಕಾದ ಬೆನ್ನಿನ ಮೇಲೆಯೇ ಬಿತ್ತು, ಅದಕ್ಕಾಗಿ ನಾವು ಅಳಬೇಕಿಲ್ಲ. ಚಾವಟಿ ಎಲ್ಲಿತ್ತು ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಅದು ಸೈನ್ಯದ ಶಿಬಿರದಲ್ಲಿರಲಿಲ್ಲ, ಬ್ಯಾಂಕಿನಲ್ಲಿತ್ತು.

ಇಂಗ್ಲೆಂಡು ಆ ಪಾಠದಿಂದ ಅಮೆರಿಕಾಕ್ಕೆ ಇನ್ನೂ ಹತ್ತಿರ ಸರಿಯಬೇಕೆಂದು ಕಲಿಯಿತು. ಅಮೆರಿಕಾ ತಯಾರಿಸಿಕೊಡಬೇಕಾಗಿದ್ದ ಸ್ಕೈಬೋಲ್ಟ್ ಎಂಬ ಕ್ಷಿಪಣಿಯನ್ನೇ ನಂಬಿ ಕುಳಿತಿತ್ತು. 1962ರಲ್ಲಿ ಅಮೆರಿಕಾ ಅದನ್ನು ಕೈಬಿಟ್ಟಿತು. ಬದಲಿಗೆ ಪೊಲಾರಿಸ್ ಸಿಕ್ಕಿತು. ಈಗ ಇಂಗ್ಲೆಂಡಿನ ಜಲಾಂತರ್ಗಾಮಿ ಹಡಗುಗಳಲ್ಲಿರುವ ಟ್ರೈಡೆಂಟ್ ಕ್ಷಿಪಣಿಗಳೂ ಅಮೆರಿಕಾದ ಜಾರ್ಜಿಯಾ ರಾಜ್ಯದ ಉಗ್ರಾಣದಿಂದಲೇ ಬರುವಂಥವು. ಫ್ರಾನ್ಸ್ ಬೇರೆ ಪಾಠ ಕಲಿಯಿತು. 1960ರಲ್ಲಿ ತನ್ನದೇ ಅಣುಬಾಂಬನ್ನು ಸಿಡಿಸಿತು. 1966ರಲ್ಲಿ ಜನರಲ್ ದ ಗಾಲ್ ಅವರು ನ್ಯಾಟೋದ ಸೈನಿಕ ಆಡಳಿತದಿಂದ ಹೊರಬಂದು, ಅಮೆರಿಕಾದ ಸೈನಿಕರನ್ನು ದೇಶದಿಂದ ಕಳಿಸಿಕೊಟ್ಟರು. ದ ಗಾಲ್ ಅವರು ಸಮಾಜವಾದಿಯಲ್ಲ, ಕಾರ್ಮಿಕರ ಮಿತ್ರರೂ ಅಲ್ಲ. ಬಾಂಬನ್ನು ಸಿಡಿಸಿದ್ದೂ ಅಲ್ಜೀರಿಯಾದ ಮರಳುಗಾಡಿನಲ್ಲಿ, ಪರರ ನೆಲದಲ್ಲಿ. ಆದರೂ ಬೀಗದ ಕೈ ಯಾರ ಸೊಂಟದಲ್ಲಿರಬೇಕೆಂಬುದು ಅವರಿಗೆ ತಿಳಿದಿತ್ತು.

1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಅವರು ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿ, ಆಮದಿನ ಮೇಲೆ ಶೇಕಡ 10 ಹೆಚ್ಚುವರಿ ಸುಂಕ ಹಾಕಿದರು. ಮಿತ್ರರನ್ನು ಕೇಳಿ ಮಾಡಿದ ಕೆಲಸವಲ್ಲ ಅದು. 

ಇವೆಲ್ಲಕ್ಕಿಂತ 1982ರ ಪ್ರಸಂಗವನ್ನು ಕೈಯಲ್ಲಿ ಯಂತ್ರ ಹಿಡಿಯುವವರು ವಿಚಾರಿಸಿ ನೋಡಬೇಕು. ಸೈಬೀರಿಯಾದಿಂದ ಪಶ್ಚಿಮ ಯೂರೋಪಿಗೆ ಅನಿಲದ ಕೊಳವೆ ಹಾಕುವ ಕೆಲಸ ನಡೆದಿತ್ತು. ಅನಿಲವನ್ನು ದೂಡುವ ಟರ್ಬೈನುಗಳನ್ನು ಮಾಡಿಕೊಡುವ ಗುತ್ತಿಗೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನ ಜಾನ್ ಬ್ರೌನ್ ಕಾರ್ಖಾನೆಗೆ, ಜರ್ಮನಿಯ ಹಾಗೂ ಇಟಲಿಯ ಕಾರ್ಖಾನೆಗಳಿಗೆ ಸಿಕ್ಕಿತ್ತು. ಹಡಗು ಕಟ್ಟುವ ಕೆಲಸ ಸತ್ತುಹೋಗಿ ನಿರುದ್ಯೋಗ ತುಂಬಿದ್ದ ಕ್ಲೈಡ್ ನದಿಯ ದಡದಲ್ಲಿ ಇದು ಅನ್ನದ ಪ್ರಶ್ನೆ. ಆದರೆ ಟರ್ಬೈನಿನ ಒಳಗಿನ ತಿರುಗುವ ಭಾಗ ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿನ್ಯಾಸದ್ದು. ಆ ಒಂದು ಎಳೆಯನ್ನು ಹಿಡಿದು ಅಧ್ಯಕ್ಷ ರೇಗನ್ ಅವರು, ನಮ್ಮ ಲೈಸೆನ್ಸಿನಿಂದ ಮಾಡಿದ ಮಾಲನ್ನು ರಷ್ಯಾಕ್ಕೆ ಕೊಡಕೂಡದೆಂದು ಯೂರೋಪಿನ ನೆಲದ ಮೇಲಿರುವ ಯೂರೋಪಿನ ಕಾರ್ಖಾನೆಗಳಿಗೆ ಅಪ್ಪಣೆ ಮಾಡಿದರು. ತಮ್ಮ ದೇಶದ ರೈತರ ಧಾನ್ಯವನ್ನು ರಷ್ಯಾಕ್ಕೆ ಮಾರಲು ಇದ್ದ ಅಡ್ಡಿಯನ್ನು ಅದರ ಹಿಂದಿನ ವರ್ಷವೇ ಅವರು ತೆಗೆದುಹಾಕಿದ್ದರು! ಅವರ ಗೋಧಿ ಹೋಗಬಹುದು, ಕ್ಲೈಡ್‌ಬ್ಯಾಂಕಿನ ಟರ್ಬೈನು ಹೋಗಕೂಡದು.

ಆಗ ಯೂರೋಪು ತಲೆಬಾಗಲಿಲ್ಲ. ರೇಗನ್ ಅವರ ಆಪ್ತ ಗೆಳತಿಯೆನಿಸಿದ್ದ, ಕಾರ್ಮಿಕ ಸಂಘಗಳ ಕಡುವೈರಿಯಾಗಿದ್ದ ಥ್ಯಾಚರ್ ಅವರ ಸರ್ಕಾರವೇ ಅಮೆರಿಕಾದ ಅಪ್ಪಣೆಯನ್ನು ಪಾಲಿಸಕೂಡದೆಂದು ಇಂಗ್ಲಿಷ್ ಕಂಪನಿಗಳಿಗೆ ಕಾನೂನಿನ ಮೂಲಕ ಕಟ್ಟುಮಾಡಿತು. ಫ್ರೆಂಚ್ ಸರ್ಕಾರ ಡ್ರೆಸ್ಸರ್ ಎಂಬ ಅಮೆರಿಕನ್ ಕಂಪನಿಯ ಫ್ರಾನ್ಸಿನ ಶಾಖೆಗೇ ಮಾಲು ಸಾಗಿಸುವಂತೆ ಹುಕುಂ ಹೊರಡಿಸಿತು. ಟರ್ಬೈನುಗಳು ಹಡಗು ಹತ್ತಿದವು. ನವೆಂಬರಿನಲ್ಲಿ ರೇಗನ್ ಅವರು ಅಪ್ಪಣೆಯನ್ನು ವಾಪಸು ತೆಗೆದುಕೊಂಡರು. ಎಲ್ಲರೂ ಒಟ್ಟಿಗೆ ನಿಂತರೆ ಅಮೆರಿಕಾ ಹಿಂದೆ ಸರಿಯುತ್ತದೆ ಎಂಬುದಕ್ಕೆ ನಲವತ್ತು ವರ್ಷದ ಹಿಂದಿನ ಈ ರುಜುವಾತು ಕಡತದಲ್ಲಿ ಇದ್ದೇ ಇದೆ.

ಅದೇ ಯೂರೋಪು 2018ರಲ್ಲಿ ಏಕೆ ಸೋತಿತು? ಇರಾನಿನೊಡನೆ ಎಲ್ಲರೂ ಸೇರಿ 2015ರಲ್ಲಿ ಮಾಡಿದ ಅಣುಶಕ್ತಿ ಒಪ್ಪಂದದಿಂದ 2018ರ ಮೇ 8ರಂದು ಅಮೆರಿಕಾ ಒಂದೇ ಸಹಿಯಲ್ಲಿ ಹೊರಬಂತು. ಒಪ್ಪಂದ ಉಳಿಸಿಕೊಳ್ಳುತ್ತೇವೆಂದು ಯೂರೋಪು ಹೇಳಿತು. ಹೇಳಿದ್ದಷ್ಟೇ ಬಂತು. ಅಮೆರಿಕಾದ ಮಾರುಕಟ್ಟೆಯನ್ನೂ ಡಾಲರನ್ನೂ ಕಳೆದುಕೊಳ್ಳುವ ಭಯದಿಂದ ಫ್ರಾನ್ಸಿನ ಟೋಟಲ್ ಎಣ್ಣೆ ಕಂಪನಿ ಇರಾನಿನಿಂದ ಕಾಲು ಕಿತ್ತಿತು. ಡಾಲರಿನ ಹಂಗಿಲ್ಲದೆ ವ್ಯಾಪಾರ ಮಾಡಲೆಂದು ಇಂಗ್ಲೆಂಡು, ಫ್ರಾನ್ಸು, ಜರ್ಮನಿ ಕೂಡಿ 2019ರಲ್ಲಿ ಇನ್‌ಸ್ಟೆಕ್ಸ್ ಎಂಬ ಒಂದು ಲೇವಾದೇವಿ ಸಂಸ್ಥೆಯನ್ನು ತೆರೆದವು. ಮೂರು ದೊಡ್ಡ ಸರ್ಕಾರಗಳು ಕೂಡಿ ತೆರೆದ ಆ ಅಂಗಡಿಯಲ್ಲಿ ನಡೆದದ್ದು ಒಂದೇ ಒಂದು ವಹಿವಾಟು; 2020ರಲ್ಲಿ, ಔಷಧೋಪಕರಣಗಳದು. 2023ರಲ್ಲಿ ಬಾಗಿಲು ಹಾಕಿದರು. ನಮ್ಮ ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಯವನು ಬೆಳಗಿನ ಒಂದು ಗಂಟೆಯಲ್ಲಿ ಅದಕ್ಕಿಂತ ಹೆಚ್ಚು ಗಿರಾಕಿಗಳನ್ನು ನೋಡುತ್ತಾನೆ.

ಎರಡು ಪ್ರಸಂಗಗಳಿಗೂ ಇರುವ ವ್ಯತ್ಯಾಸ ಇಷ್ಟೆ. 1982ರಲ್ಲಿ ಜಗಳ ಕಬ್ಬಿಣದ ಯಂತ್ರದ ಮೇಲೆ, ಯಂತ್ರ ಇದ್ದದ್ದು ಯೂರೋಪಿನ ಕೈಯಲ್ಲಿ. 2018ರಲ್ಲಿ ಜಗಳ ಹಣದ ಹಾದಿಯ ಮೇಲೆ, ಆ ಹಾದಿಯ ಗೇಟು ಅಮೆರಿಕಾದ ಕೈಯಲ್ಲಿ. ಯೂರೋ ನಾಣ್ಯದ ದೇಶಗಳಲ್ಲಿ ಕಾರ್ಡಿನ ಮೂಲಕ ನಡೆಯುವ ಪಾವತಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೀಸಾ, ಮಾಸ್ಟರ್‌ಕಾರ್ಡ್ ಎಂಬ ಎರಡು ಅಮೆರಿಕನ್ ಕಂಪನಿಗಳ ಮೂಲಕ ಹಾಯುತ್ತದೆ. ಪ್ಯಾರಿಸಿನವನು ಪ್ಯಾರಿಸಿನ ಬೇಕರಿಯಲ್ಲಿ ರೊಟ್ಟಿ ಕೊಂಡರೂ ಕಾರ್ಡಿನ ಮೇಲೆ ಆ ಮುದ್ರೆ ಇದ್ದರೆ ಅವರಿಗೊಂದು ಚೂರು. ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಫ್ರೆಂಚ್ ನ್ಯಾಯಾಧೀಶ ನಿಕೋಲಾ ಗಿಯು ಅವರ ಮೇಲೆ 2025ರ ಆಗಸ್ಟಿನಲ್ಲಿ ಅಮೆರಿಕಾ ನಿರ್ಬಂಧ ಹಾಕಿತು. ಅಮೆರಿಕನ್ ಕಂಪನಿಗಳಲ್ಲಿದ್ದ ಅವರ ಖಾತೆಗಳು ಮುಚ್ಚಿದವು, ಕಾರ್ಡುಗಳು ನಡೆಯದಾದವು. ತನ್ನ ದೇಶದಲ್ಲಿ, ತನ್ನ ಸಂಬಳದ ದುಡ್ಡಿನಿಂದ, ತನ್ನವರೇ ನಡೆಸುವ ಹೊಟೇಲಿನಲ್ಲಿ ಕೋಣೆ ಹಿಡಿಯಲು ಒಬ್ಬ ನ್ಯಾಯಾಧೀಶ ಪರದಾಡಬೇಕಾಯಿತು. ಡೆನ್ಮಾರ್ಕಿನ ಮಂತ್ರಿಗಳು ಎಷ್ಟು ತೋಪು ಕೊಂಡರೂ ಈ ಗೇಟು ತೆರೆಯುವುದಿಲ್ಲ.

ಇಲ್ಲಿ ನಮ್ಮ ಚಿಲ್ಲರೆ ವ್ಯಾಪಾರಿಗಳಿಗೆ ಒಂದು ಮಾತು. ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿರುವ ಚೌಕಳಿ ಚಿತ್ರದ ಹಿಂದೆ ಇರುವ ಯುಪಿಐ ಎಂಬ ಹಳಿ 2016ರಲ್ಲಿ ನಮ್ಮವರೇ ಹಾಕಿದ್ದು, ನಮ್ಮ ಬ್ಯಾಂಕುಗಳ ಸಂಸ್ಥೆಯೇ ನಡೆಸುವಂಥದು. ಆ ಮಟ್ಟಿಗೆ ಯೂರೋಪಿನ ಅಂಗಡಿಯವನಿಗಿಂತ ನೀವು ಗಟ್ಟಿ. ಆದರೆ ಹಳಿಯ ಮೇಲೆ ಓಡುವ ಗಾಡಿಗಳಲ್ಲಿ ಬಹುಪಾಲು ಯಾರವು? ಗೂಗಲ್ ಅಮೆರಿಕಾದ್ದು; ಫೋನ್‌ಪೇಯಲ್ಲಿ ದೊಡ್ಡ ಪಾಲು ಅಮೆರಿಕಾದ ವಾಲ್‌ಮಾರ್ಟ್ ಕಂಪನಿಯದು. ಇರಲಿ, ಅದು ಬೇರೆ ವಾರದ ವಿಚಾರ.

ಅನಿಲದ ಕಥೆಯನ್ನು ಚುಟುಕಾಗಿ ಹೇಳಿಬಿಡಬಹುದು. 2021ರವರೆಗೆ ಯೂರೋಪಿಯನ್ ಒಕ್ಕೂಟ ಹೊರಗಿನಿಂದ ತರಿಸುತ್ತಿದ್ದ ಅನಿಲದಲ್ಲಿ ಶೇಕಡ 40ಕ್ಕೂ ಹೆಚ್ಚು ರಷ್ಯಾದ್ದು. ಒಬ್ಬನೇ ಅಂಗಡಿಯವನಲ್ಲಿ ಉದ್ರಿ ಬರೆಸಿದರೆ ಏನಾಗುತ್ತದೆಂದು 2022ರ ಚಳಿಗಾಲದಲ್ಲಿ ಗೊತ್ತಾಯಿತು. ಆ ಅಂಗಡಿ ಬಿಟ್ಟು ಎದುರಿನ ಅಂಗಡಿಗೆ ಹೋದರು. 2024ರಲ್ಲಿ ಹಡಗಿನ ಮೇಲೆ ಬಂದ ದ್ರವರೂಪದ ಅನಿಲದಲ್ಲಿ ಶೇಕಡ 45ರಷ್ಟು ಅಮೆರಿಕಾ ಒಂದರಿಂದಲೇ ಬಂತು. ಖಾತೆಯ ಪುಸ್ತಕ ಬದಲಾಯಿತು, ಸಾಲಗಾರ ಬದಲಾಗಲಿಲ್ಲ.

ಆಯುಧಗಳ ವಿಚಾರಕ್ಕೆ ಬರೋಣ. 2020ರಿಂದ 2024ರವರೆಗೆ ನ್ಯಾಟೋದ ಯೂರೋಪಿಯನ್ ದೇಶಗಳು ಹೊರಗಿನಿಂದ ತರಿಸಿದ ಆಯುಧಗಳಲ್ಲಿ ಶೇಕಡ 64 ಅಮೆರಿಕಾದಿಂದ ಬಂದವೆಂದು ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದರ ಹಿಂದಿನ ಐದು ವರ್ಷಗಳಲ್ಲಿ ಈ ಪಾಲು 52 ಇತ್ತು. ಸ್ವಾವಲಂಬನೆಯ ಭಾಷಣ ಹೆಚ್ಚಿದಂತೆ ಪರಾವಲಂಬನೆಯೂ ಹೆಚ್ಚಿತು. ಕೊಂಡ ವಿಮಾನ ಕೊಂಡವನದಾಗುವುದೂ ಇಲ್ಲ. ಬಿಡಿಭಾಗ ಅಲ್ಲಿಂದ ಬರಬೇಕು, ಅದರ ಗಣಕದ ಪಾಠವನ್ನು ಆಗಾಗ ಅವರೇ ಹೊಸದಾಗಿ ಬರೆದು ಕಳಿಸಬೇಕು. ಮಗ್ಗ ನಿಮ್ಮದಾಗಿ, ಅದರ ಲಾಳಿ ಮಾತ್ರ ಎದುರು ಪಕ್ಷದ ಧಣಿಯ ಉಗ್ರಾಣದಿಂದ ಬರಬೇಕಾದರೆ ಮುಷ್ಕರದ ದಿನ ಮಗ್ಗ ಯಾರದು? ಡೆನ್ಮಾರ್ಕಿನ ಪಾರ್ಲಿಮೆಂಟಿನ ರಕ್ಷಣಾ ಸಮಿತಿಯ ಅಧ್ಯಕ್ಷರೇ 2025ರ ಮಾರ್ಚಿನಲ್ಲಿ, ಎಫ್-35 ಆರಿಸಿದ್ದಕ್ಕೆ ಪಶ್ಚಾತ್ತಾಪವಾಗಿದೆಯೆಂದು ಬಹಿರಂಗವಾಗಿ ಹೇಳಿದರು. ಅದೇ ಅಕ್ಟೋಬರಿನಲ್ಲಿ ಅವರ ಸರ್ಕಾರ ಇನ್ನೂ 16 ಎಫ್-35 ಕೊಳ್ಳುವುದಾಗಿ ತಿಳಿಸಿತು. ಕೈ ಸುಟ್ಟುಕೊಂಡವನು ಬೆಂಕಿಗೆ ಅಂಜುತ್ತಾನೆಂಬ ಮಾತು ಮಂತ್ರಿಗಳಿಗೆ ಅನ್ವಯಿಸುವುದಿಲ್ಲವೆಂದು ತೋರುತ್ತದೆ. ಒಂದು ನ್ಯಾಯದ ಮಾತೆಂದರೆ, ಆಕಾಶವನ್ನು ಕಾಯುವ ಕ್ಷಿಪಣಿಗಳಿಗಾಗಿ ಅಮೆರಿಕಾದ ಪೇಟ್ರಿಯಟ್ ಬಿಟ್ಟು ಫ್ರಾನ್ಸು ಇಟಲಿಗಳು ಕೂಡಿ ಮಾಡಿದ್ದನ್ನು ಅವರು ಆ ಸೆಪ್ಟೆಂಬರಿನಲ್ಲಿ ಆರಿಸಿದ್ದರು.

ಸ್ವಿಟ್ಜರ್ಲೆಂಡಿನದು ವ್ಯಾಪಾರಸ್ಥರು ಕೇಳಬೇಕಾದ ಕಥೆ. ನ್ಯಾಟೋಗೂ ಸೇರದ, ಯಾರ ಯುದ್ಧಕ್ಕೂ ಹೋಗದ ದೇಶ ಅದು. 36 ಎಫ್-35 ವಿಮಾನಗಳನ್ನು ಸುಮಾರು 600 ಕೋಟಿ ಫ್ರಾಂಕಿಗೆ ಮಾತಾಡಿಕೊಂಡಿತು. ಬೆಲೆ ನಿಗದಿಯಾದದ್ದು, ಒಂದು ಕಾಸೂ ಏರುವುದಿಲ್ಲವೆಂದು ಮಂತ್ರಿಗಳು ಜನರಿಗೆ ಮಾತು ಕೊಟ್ಟರು. 2025ರಲ್ಲಿ ಅಮೆರಿಕಾ, ಅದು ತಪ್ಪು ತಿಳಿವಳಿಕೆ, ಇನ್ನೂ 65 ಕೋಟಿಯಿಂದ 130 ಕೋಟಿ ಡಾಲರ್‌ವರೆಗೆ ಆಗಬಹುದೆಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಸ್ವಿಸ್ ಮಾಲಿನ ಮೇಲೆ ಶೇಕಡ 39 ಸುಂಕವೂ ಬಿತ್ತು. ಅದು 15ಕ್ಕೆ ಇಳಿಯಲು ನವೆಂಬರ್‌ವರೆಗೆ ಕಾಲು ಹಿಡಿಯಬೇಕಾಯಿತು. ಗಡಿಯಾರದ ಮುಳ್ಳಿನಷ್ಟು ಕರಾರುವಾಕ್ಕಾದ ವ್ಯಾಪಾರಿಗಳೆಂದು ಹೆಸರಾದವರ ಗತಿ ಹೀಗೆ.

ನಮ್ಮವರೂ ಈ ಸಾಲಿನಲ್ಲಿ ನಿಂತಿದ್ದಾರೆ. ಬೆಂಗಳೂರಿನ ಹೆಚ್.ಎ.ಎಲ್. ಕಾರ್ಖಾನೆಯ ತೇಜಸ್ ವಿಮಾನಗಳಿಗಾಗಿ 2021ರಲ್ಲಿ ಜನರಲ್ ಎಲೆಕ್ಟ್ರಿಕ್ಕಿಗೆ 99 ಎಂಜಿನುಗಳ ಆರ್ಡರ್ ಕೊಟ್ಟರು. ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ, ಸುಮಾರು ಎರಡು ವರ್ಷ ತಡವಾಗಿ. ಸ್ವೀಡನ್ನಿನವರು ಹೆಮ್ಮೆಯಿಂದ ತಮ್ಮದೆನ್ನುವ ಗ್ರಿಪೆನ್ ಯುದ್ಧವಿಮಾನದ ಎಂಜಿನೂ ಅದೇ ಮನೆತನದ್ದು. ಆದುದರಿಂದ ಸ್ವೀಡನ್ ತನ್ನ ವಿಮಾನವನ್ನು ಮೂರನೆಯವರಿಗೆ ಮಾರಬೇಕಾದರೆ ಅಮೆರಿಕಾದ ಒಪ್ಪಿಗೆ ಬೇಕು.

ಈ ಅವಲಂಬನೆ ಯುದ್ಧದ ನಡುವೆ ಏನು ಮಾಡುತ್ತದೆಂಬುದನ್ನು ಯುಕ್ರೇನ್ ಕಂಡಿತು. 2025ರ ಫೆಬ್ರವರಿ 28ರಂದು ವಾಷಿಂಗ್ಟನ್ನಿನ ಅಧ್ಯಕ್ಷರ ಕೋಣೆಯಲ್ಲಿ ಝೆಲೆನ್‌ಸ್ಕಿ ಅವರನ್ನು ಇಡೀ ಪ್ರಪಂಚದ ಎದುರು ಗದರಿಸಿದರು. ಮುಂದಿನ ವಾರ ಆಯುಧ ಕಳಿಸುವುದನ್ನೂ ಶತ್ರುವಿನ ಚಲನವಲನದ ಸುದ್ದಿ ಕೊಡುವುದನ್ನೂ ನಿಲ್ಲಿಸಿದರು. ಮಾರ್ಚ್ 11ರಂದು ಮತ್ತೆ ಕೊಟ್ಟರು. ಆ ಕೆಲವು ದಿನ ಯುಕ್ರೇನಿನ ಸಿಪಾಯಿಗಳು ಅರ್ಧ ಕಣ್ಣು ಕಟ್ಟಿದಂತೆ ಹೋರಾಡಿದರು. ಗ್ರೀನ್‌ಲ್ಯಾಂಡಿನ ಜಗಳದಲ್ಲಿ ಒಂದು ಹಿಡಿ ಮಣ್ಣೂ ಕೈಬದಲಾಗಲಿಲ್ಲ. ಇಲ್ಲಿ ಜೀವಗಳ ಪ್ರಶ್ನೆ.

ಆಯುಧವೇ ಬೇಡ, ಸೈನ್ಯವೇ ಬೇಡ ಎನ್ನುವ ಸಮಾಜವಾದಿಗಳಿದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ಪೋಲೆಂಡಿನ, ಎಸ್ಟೋನಿಯಾದ, ಫಿನ್ಲೆಂಡಿನ ಕಾರ್ಮಿಕನೆದುರು ಈ ಮಾತನ್ನು ಹೇಳಿ ನೋಡಲಿ. ಅವನ ಅಜ್ಜ ರಷ್ಯಾದ ಸೈನ್ಯವನ್ನು ಕಂಡವನು. ಅವನು ಪಕ್ಕದ ಯುಕ್ರೇನಿನ ಊರುಗಳು ಉರಿಯುವುದನ್ನು ಕಂಡವನು. ಕಾವಲು ಬೇಕೆನ್ನುವುದು ಅವನ ತಪ್ಪಲ್ಲ. ನಮ್ಮ ತಕರಾರು ಇರುವುದು ಆ ಕಾವಲನ್ನು ಯಾರ ಲಾಭಕ್ಕೆ, ಯಾರ ಖರ್ಚಿನಲ್ಲಿ, ಯಾರ ಹುಕುಮಿನಲ್ಲಿ ಇಡುತ್ತಾರೆ ಎಂಬುದರಲ್ಲಿ.

2025ರಲ್ಲಿ ಯೂರೋಪಿನ ಸರ್ಕಾರಗಳು ಎದ್ದು ಕುಳಿತವು. ಮಾರ್ಚಿನಲ್ಲಿ ಯೂರೋಪಿಯನ್ ಆಯೋಗ 80 ಸಾವಿರ ಕೋಟಿ ಯೂರೋಗಳ ಶಸ್ತ್ರಯೋಜನೆ ಸಾರಿತು. ಇದರಲ್ಲಿ 15 ಸಾವಿರ ಕೋಟಿ ಒಕ್ಕೂಟ ಎತ್ತಿಕೊಡುವ ಸಾಲ. ಉಳಿದದ್ದು ಆಯಾ ದೇಶ ತಾನೇ ಸಾಲ ಮಾಡಲಿ ಎಂದು ಕೊಟ್ಟ ಪರವಾನಗಿ. ಆಸ್ಪತ್ರೆಗೆ, ಶಾಲೆಗೆ, ಮನೆ ಕಟ್ಟಲು ದುಡ್ಡು ಕೇಳಿದಾಗ ಸಾಲದ ಮಿತಿ ದಾಟಕೂಡದೆಂದು ವರ್ಷಗಟ್ಟಲೆ ಬೆತ್ತ ತೋರಿಸಿದವರು ಇವರೇ. ಗ್ರೀಸಿನ ಮುದುಕರ ಪಿಂಚಣಿಯನ್ನು ಕೊಯ್ದವರು ಇವರೇ. ಜರ್ಮನಿ ತನ್ನ ಸಂವಿಧಾನದ ಸಾಲದ ಕಡಿವಾಣವನ್ನೇ ಸೈನ್ಯಕ್ಕಾಗಿ ಸಡಿಲಿಸಿತು. ಜೂನಿನಲ್ಲಿ ಹೇಗ್ ನಗರದಲ್ಲಿ ಸೇರಿದ ನ್ಯಾಟೋ ದೇಶಗಳು 2035ರ ಹೊತ್ತಿಗೆ ಉತ್ಪನ್ನದ ಶೇಕಡ 5ನ್ನು ರಕ್ಷಣೆಗೆ ಖರ್ಚು ಮಾಡುವುದಾಗಿ ಅಮೆರಿಕಾದ ಅಧ್ಯಕ್ಷರೆದುರು ಒಪ್ಪಿಕೊಂಡವು. ನಮಗೆ ಶೇಕಡ 2.1 ಸಾಕು ಎಂದು ಎದ್ದು ಹೇಳಿದವರು ಸ್ಪೇನಿನ ಸಮಾಜವಾದಿ ಪ್ರಧಾನಿ ಸಾಂಚೆಸ್.

ಇಷ್ಟು ದೊಡ್ಡ ಪ್ರತಿಜ್ಞೆ ಮಾಡಿ ತಿಂಗಳು ಕಳೆದಿತ್ತು. ಜುಲೈ 27ರಂದು ಸ್ಕಾಟ್ಲೆಂಡಿನಲ್ಲಿ ಟ್ರಂಪ್ ಅವರ ಸ್ವಂತ ಗಾಲ್ಫ್ ಮೈದಾನಕ್ಕೆ ಯೂರೋಪಿಯನ್ ಆಯೋಗದ ಅಧ್ಯಕ್ಷೆ ಹೋಗಿ ಸಂಧಿ ಮಾಡಿಕೊಂಡರು. ಯೂರೋಪಿನ ಹೆಚ್ಚಿನ ಮಾಲಿನ ಮೇಲೆ ಅಮೆರಿಕಾ ಶೇಕಡ 15 ಸುಂಕ ಹಾಕುವುದು, ಅಮೆರಿಕಾದ ಕೈಗಾರಿಕಾ ಮಾಲಿನ ಮೇಲೆ ಯೂರೋಪು ಸುಂಕ ತೆಗೆಯುವುದು. ಮೇಲಾಗಿ ಮೂರು ವರ್ಷದಲ್ಲಿ 75 ಸಾವಿರ ಕೋಟಿ ಡಾಲರಿನ ಇಂಧನ ಕೊಳ್ಳುವುದು, 60 ಸಾವಿರ ಕೋಟಿ ಡಾಲರ್ ಬಂಡವಾಳ ಹೂಡುವುದು. ಫ್ರಾನ್ಸಿನ ಆಗಿನ ಪ್ರಧಾನಿ ಬೈರೂ ಅವರು ಇದನ್ನು ಕರಾಳ ದಿನವೆಂದರು. ಆದರೆ ಇಂಥ ಬಲಾತ್ಕಾರಕ್ಕೆ ತಿರುಗಿ ಏಟು ಕೊಡಲೆಂದೇ ಒಕ್ಕೂಟ 2023ರಲ್ಲಿ ಮಾಡಿಟ್ಟುಕೊಂಡಿದ್ದ ಕಾನೂನನ್ನು ಯಾರೂ ಕಪಾಟಿನಿಂದ ತೆಗೆಯಲಿಲ್ಲ. 1982ರ ಧೈರ್ಯ ಎಲ್ಲಿ ಹೋಯಿತು? ನಮ್ಮ ತಿಳಿವಿಗೆ ಬಂದಂತೆ, ಧೈರ್ಯದ ಕೊರತೆಗಿಂತ ಹಿತಾಸಕ್ತಿಯ ಒಡಕು ದೊಡ್ಡದು. ಜರ್ಮನಿಯ ಕಾರಿನ ಧಣಿಗಳಿಗೆ ಅಮೆರಿಕಾದ ಗಿರಾಕಿ ಬೇಕು, ಐರ್ಲೆಂಡಿಗೆ ಅಲ್ಲಿ ಠಾಣ್ಯ ಹೂಡಿರುವ ಅಮೆರಿಕನ್ ಔಷಧ ಕಂಪನಿಗಳು ಬೇಕು, ಫ್ರಾನ್ಸಿಗೆ ದ್ರಾಕ್ಷಾರಸದ ಮಾರುಕಟ್ಟೆ ಬೇಕು. ಈ ಧಣಿಗಳಿಗೆ ಹಂಗು ನಷ್ಟದ ಬಾಬಲ್ಲ. ಅದರ ಬಾಡಿಗೆಯನ್ನು ಬೇರೆಯವರು ಕಟ್ಟುವವರೆಗೆ ಅವರು ಅದರಿಂದ ಹೊರಬರುವುದಿಲ್ಲ.

ಬಾಡಿಗೆ ಕಟ್ಟುವವರ ಪಟ್ಟಿ ನೋಡಿ. ಇಂಗ್ಲೆಂಡಿನ ಲೇಬರ್ ಸರ್ಕಾರ 2025ರ ಫೆಬ್ರವರಿಯಲ್ಲಿ ಸೈನ್ಯದ ಖರ್ಚು ಏರಿಸಲು ಬಡದೇಶಗಳಿಗೆ ಕೊಡುವ ನೆರವನ್ನು ರಾಷ್ಟ್ರೀಯ ಆದಾಯದ ಶೇಕಡ 0.5ರಿಂದ 0.3ಕ್ಕೆ ಇಳಿಸುವುದಾಗಿ ಸಾರಿತು. ಆಫ್ರಿಕಾದ ಮಗುವಿನ ಔಷಧ ಲಂಡನ್ನಿನ ಗುಂಡಾಯಿತು. ಫ್ರಾನ್ಸಿನ ಅದೇ ಬೈರೂ ಅವರು ಎರಡು ರಜೆಗಳನ್ನು ಕಿತ್ತುಹಾಕುವ ಆಯವ್ಯಯ ತಂದರು. ಅದರಲ್ಲಿ ಒಂದು, ನಾಜಿಗಳು ಸೋತ ಮೇ 8ರ ರಜೆ! ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟು ಅವರನ್ನೇ ಮನೆಗೆ ಕಳಿಸಿತು. ಡೆನ್ಮಾರ್ಕಿನಲ್ಲಿ ನಿವೃತ್ತಿಯ ವಯಸ್ಸನ್ನು 2040ರಿಂದ 70 ವರ್ಷಕ್ಕೆ ಏರಿಸುವ ಕಾನೂನು 2025ರ ಮೇನಲ್ಲಿ ಪಾಸಾಯಿತು. ಜರ್ಮನಿಯ ಗೋರ್ಲಿಟ್ಸ್ ಪಟ್ಟಣದಲ್ಲಿ 1849ರಿಂದ ರೈಲುಗಾಡಿ ಕಟ್ಟುತ್ತಿದ್ದ ಕಾರ್ಖಾನೆಯನ್ನು 2025ರಲ್ಲಿ ಟ್ಯಾಂಕಿನ ಭಾಗಗಳನ್ನು ಮಾಡುವ ಕಂಪನಿಗೆ ವಹಿಸಿದರು. ಅಲ್ಲಿದ್ದ ಸುಮಾರು 700 ಜನರಲ್ಲಿ ಅರ್ಧದಷ್ಟು ಜನಕ್ಕೆ ಮಾತ್ರ ಹೊಸ ಯಜಮಾನನಲ್ಲಿ ಕೆಲಸದ ಭರವಸೆ ಸಿಕ್ಕಿತು. ರೈಲು ಮಾಡುವ ಕೈ ಟ್ಯಾಂಕು ಮಾಡಿದರೂ ಕೂಲಿ ಕೂಲಿಯೇ ಎಂದು ಅಲ್ಲಿಯ ಸಂಘದವರು ಒಪ್ಪಿರಬಹುದು. ನಾಳೆ ಟ್ಯಾಂಕಿನ ಆರ್ಡರ್ ನಿಂತಾಗ ಆ ಊರಿಗೆ ರೈಲೂ ಇರುವುದಿಲ್ಲ.

ಬೇರೆ ದಾರಿ ಇಲ್ಲವೆ? ಇದೆ, ಯೂರೋಪು ತಾನೇ ನಡೆದ ದಾರಿ. 1970ರಲ್ಲಿ ಫ್ರಾನ್ಸು, ಜರ್ಮನಿ ಸರ್ಕಾರದ ದುಡ್ಡು ಹಾಕಿ ಏರ್‌ಬಸ್ ಕಟ್ಟಿದಾಗ ಅಮೆರಿಕಾದ ವಿಮಾನ ಕಂಪನಿಗಳು ನಕ್ಕವು. ಇಂದು ಆ ನಗು ಇಲ್ಲ. ದಾರಿ ತೋರಿಸುವ ಉಪಗ್ರಹಗಳು ಅಮೆರಿಕಾದ್ದೇ ಇರುವಾಗ ಬೇರೆ ಏಕೆಂದು ಹಲವರು ಗೊಣಗಿದರೂ ಗೆಲಿಲಿಯೋ ಎಂಬ ತಮ್ಮದೇ ಉಪಗ್ರಹ ಮಾಲೆಯನ್ನು ಹಾರಿಸಿ 2016ರಿಂದ ಬಳಕೆಗೆ ತಂದರು. ಎರಡೂ ಸಾರ್ವಜನಿಕ ಹಣದಿಂದ, ಹಲವು ದೇಶಗಳ ಕೂಡುದುಡಿಮೆಯಿಂದ ಆದವು. ಇದಕ್ಕೆ ವಿರುದ್ಧವಾಗಿ 2017ರಲ್ಲಿ ಹೊರಟ ಫ್ರೆಂಚ್–ಜರ್ಮನ್ ಯುದ್ಧವಿಮಾನದ ಯೋಜನೆ, ಕೆಲಸದಲ್ಲಿ ದೊಡ್ಡ ಪಾಲು ತನಗೇ ಬೇಕೆಂಬ ಕಂಪನಿಗಳ ಕಚ್ಚಾಟದಲ್ಲಿ 2025ರ ಹೊತ್ತಿಗೂ ಕುಂಟುತ್ತಿತ್ತು. ಯೂರೋಪಿನ ಸಂಘಗಳು ಈಗ ಹಿಡಿದು ಕೇಳಬೇಕಾದದ್ದು ಇಲ್ಲಿದೆ: ಲಾಕ್‌ಹೀಡ್ ಕಂಪನಿಯ ಜೇಬಿನಿಂದ ತೆಗೆದ ಲಾಭವನ್ನು ರೈನ್‌ಮೆಟಲ್ ಕಂಪನಿಯ ಜೇಬಿಗೆ ಹಾಕಿದರೆ ಅದು ಸ್ವಾತಂತ್ರ್ಯವಾಗುವುದೆ? ಸೈನ್ಯಕ್ಕೆ ಸಾಲದ ಮಿತಿ ಸಡಿಲಿಸಿದವರು ಹಣದ ಹಾದಿಗೆ, ವಿದ್ಯುತ್ತಿಗೆ, ರೈಲಿಗೆ ಏಕೆ ಸಡಿಲಿಸುವುದಿಲ್ಲ? ಶತ್ರು ಬಾಗಿಲಲ್ಲಿದ್ದಾನೆಂಬುದು ನಿಜವಾದರೆ, ಆಯುಧದ ಕಂಪನಿಗಳ ಹೆಚ್ಚಳದ ಲಾಭದ ಮೇಲೆ ತೆರಿಗೆ ಹಾಕುವ ಮೊದಲು ಬಡವನ ರಜೆಯ ಮೇಲೆ ಕೈ ಹೋದದ್ದೇಕೆ?

ಒಕ್ಕೂಟದ 15 ಸಾವಿರ ಕೋಟಿಯ ಸಾಲದಲ್ಲಿ ಒಂದು ಒಳ್ಳೆಯ ಕರಾರಿದೆ. ಆ ದುಡ್ಡಿನಿಂದ ಕೊಳ್ಳುವ ಆಯುಧದ ಭಾಗಗಳಲ್ಲಿ ಬೆಲೆಯ ಶೇಕಡ 65 ಯೂರೋಪಿನದೇ ಆಗಿರಬೇಕು. ಇದನ್ನು ನಾವು ಸ್ವಾಗತಿಸುತ್ತೇವೆ. ಉಳಿದ 35ರಲ್ಲಿ ಎಂಜಿನು ಕೂತಿರುವುದೋ ಇಲ್ಲವೋ ಎಂಬುದನ್ನು ಮಾತ್ರ ಬಲ್ಲವರು ವಿಚಾರಿಸಲಿ. ಇನ್ನೊಂದು ಕರಾರು ತೀರುವಳಿಯದು. ಅಸಲಿನ ಕಂತು ಮೊದಲ ಹತ್ತು ವರ್ಷ ಇಲ್ಲ. ಪೂರ್ತಿ ತೀರಿಸಲು 45 ವರ್ಷದವರೆಗೆ ವಾಯಿದೆ. ಇಂದು ಕೋವಿಗೆ ಸಹಿ ಹಾಕಿದ ಮಂತ್ರಿಗಳಲ್ಲಿ ಆ ದಿನ ನೋಡುವವರು ವಿರಳ. ಈ ವರ್ಷ ಕಾರ್ಖಾನೆಗೆ ಕೆಲಸ ಕಲಿಯಲು ಬಂದ 20 ವರ್ಷದ ಹುಡುಗ ಕೊನೆಯ ಕಂತು ಕಟ್ಟುವ ಹೊತ್ತಿಗೆ 65ರವನಾಗಿರುತ್ತಾನೆ. ಡೆನ್ಮಾರ್ಕಿನವನಾದರೆ ಆಗಲೂ ಬೆಳಿಗ್ಗೆ ಎದ್ದು ಪಾಳಿಗೆ ಹೋಗುತ್ತಿರುತ್ತಾನೆ.